ಯಹೂದಿ ಸಮುದಾಯದ ದಾನನಿಧಿ: ಉದ್ದೇಶ ಬದಲಿಸುವ ಮುನ್ನ ನೋಡಬೇಕಾದದ್ದು

ಯಹೂದಿ ಧರ್ಮಶಾಸ್ತ್ರವಾದ ಹಲಾಖಾದಲ್ಲಿ ದಾನದ ಹಣವನ್ನು ಎತ್ತುವ, ಹಂಚುವ ಹೊಣೆ ಹೊತ್ತವನು ಗಬ್ಬಾಯಿ. ಒಂದು ಕಾರ್ಯಕ್ಕೆಂದು ಬಂದ ಹಣವನ್ನು ಇನ್ನೊಂದಕ್ಕೆ ತಿರುಗಿಸಬೇಕಾದಾಗ ಹಣ ಈಗ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಒಂದು ನಾಣ್ಯವನ್ನು ದಾನಕ್ಕೆಂದು ಎತ್ತಿಟ್ಟವನು, ಅದು ಗಬ್ಬಾಯಿಯ ಕೈಸೇರುವ ತನಕ, ತಾನೇ ಅದನ್ನು ಬಳಸಿಕೊಂಡು ಬದಲಿಗೆ ಬೇರೆ ನಾಣ್ಯ ಕೊಡಬಹುದು. ಕೈಸೇರಿದ ಮೇಲೆ ಆ ಸ್ವಾತಂತ್ರ್ಯವಿಲ್ಲ ಎಂಬುದು ಯಹೂದಿ ಶಾಸ್ತ್ರಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುಡ್‌ನ ಅರಾಖಿನ್ ಭಾಗದ ನಿಯಮ.

ಅನಂತರ ಹಣವನ್ನು ಯಾವ ಮಾತು ಹೇಳಿ ಎತ್ತಲಾಯಿತು ಎಂಬುದನ್ನು ನೆನಪಿಗೆ ತಂದುಕೊಳ್ಳಬೇಕು. ತಾಲ್ಮುಡ್‌ಗೆ ಆಧಾರವಾದ ನಿಯಮಸಂಗ್ರಹ ಮಿಶ್ನಾದ ಶೆಕಾಲಿಮ್ ಭಾಗದ ಪ್ರಕಾರ ಬಡವರಿಗೆಂದು ಎತ್ತಿದ್ದರಲ್ಲಿ ಉಳಿದದ್ದು ಬಡವರಿಗೇ, ಸೆರೆಯಾಳುಗಳ ಬಿಡುಗಡೆಗೆಂದು ಎತ್ತಿದ್ದರಲ್ಲಿ ಉಳಿದದ್ದು ಸೆರೆಯಾಳುಗಳಿಗೇ ಸಲ್ಲಬೇಕು. ಆದರೆ ಇಂಥ ಒಬ್ಬ ಬಡವನಿಗೆ ಎಂದು ಹೆಸರಿಸಿ ಎತ್ತಿದ್ದರೆ, ಅವನ ಅಗತ್ಯ ತೀರಿದ ಮೇಲೆ ಮಿಕ್ಕ ಹಣವೂ ಅವನದೇ. ಸತ್ತವನೊಬ್ಬನ ಅಂತ್ಯಕ್ರಿಯೆಗೆಂದು ಎತ್ತಿದ ಹಣದಲ್ಲಿ ಮಿಕ್ಕದ್ದು ಅವನ ವಾರಸುದಾರರಿಗೆ ಹೋಗಬೇಕು ಎಂಬುದು ಮಿಶ್ನಾದ ಮೊದಲ ಅಭಿಪ್ರಾಯ. ಅದನ್ನು, ಮುಂದೊಂದು ದಿನ ಮರಳಿ ಬಂದು ಸಂದೇಹಗಳನ್ನು ಬಗೆಹರಿಸುವನೆಂದು ನಂಬಲಾದ ಎಲೀಯ ಪ್ರವಾದಿ ಬರುವವರೆಗೆ ಮುಟ್ಟದೆ ಇಡಬೇಕೆಂದು ರಬ್ಬಿ (ಧರ್ಮಪಂಡಿತ) ಮೇಯಿರ್, ಗೋರಿಯ ಮೇಲೆ ಸ್ಮಾರಕ ಕಟ್ಟಬೇಕೆಂದು ರಬ್ಬಿ ನಾಥಾನ್ ಹೇಳುತ್ತಾರೆ.

ಸಾಮಾನ್ಯ ನಿಧಿಯ ಮಾತು ಬೇರೆ. ಊರಿನ ಬಡವರಿಗೆ ವಾರಕ್ಕೊಮ್ಮೆ ಹಂಚುವ ಕುಪ್ಪಾ, ಬಂದವರಿಗೆಲ್ಲ ದಿನವೂ ಆಹಾರ ನೀಡುವ ತಮ್ಹೂಯ್ ಎಂಬ ಎರಡು ವ್ಯವಸ್ಥೆಗಳಲ್ಲಿ ಒಂದನ್ನು ಇನ್ನೊಂದಾಗಿ ಮಾಡಲು, ಬೇಕಾದುದಕ್ಕೆ ಬದಲಿಸಲು ಊರವರಿಗೆ ಅಧಿಕಾರವಿದೆ ಎಂದು ತಾಲ್ಮುಡ್‌ನ ಬಾವಾ ಬತ್ರಾ ಭಾಗ ಹೇಳುತ್ತದೆ. ಎತ್ತುವಾಗ ಷರತ್ತು ಹಾಕದಿದ್ದರೂ ಊರವರು ಅದನ್ನು ಸಾರ್ವಜನಿಕ ಅಗತ್ಯಗಳಿಗೆ ಬಳಸಬಹುದೆಂದು 12ನೇ ಶತಮಾನದ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಬರೆದರು. ಅದೇ ಶತಮಾನದ ಇನ್ನೊಬ್ಬ ಪಂಡಿತ ರಬ್ಬೇನು ತಾಮ್ ಧಾರ್ಮಿಕ ಕರ್ತವ್ಯವಲ್ಲದ ಕೆಲಸಕ್ಕೂ ಬಳಸಬಹುದೆಂದರೆ, ಬದಲಾವಣೆ ಬಡವರ ಅಗತ್ಯಗಳೊಳಗೇ ಇರಬೇಕೆಂದವರೂ ಇದ್ದಾರೆ. ಆದ್ದರಿಂದ ಬಡವರ ಹಣದಿಂದ ಕಟ್ಟಡದ ದುರಸ್ತಿಗೆ ಹೊರಡುವ ಮುನ್ನ ಪರಿಣತ ರಬ್ಬಿಯ ತೀರ್ಪು ಪಡೆಯುವುದು ಕ್ಷೇಮ. ಯಾವುದೇ ಪಕ್ಷ ಹಿಡಿದರೂ ಈ ಅಧಿಕಾರ ಊರವರದು. ಪೆಟ್ಟಿಗೆಯ ಕೀಲಿ ಗಬ್ಬಾಯಿಯ ಬಳಿ ಇದೆಯೆಂಬ ಮಾತ್ರಕ್ಕೆ ಅದು ಅವನಿಗೆ ಬರುವುದಿಲ್ಲ.

ಕುಪ್ಪಾಕ್ಕೆ ಇಬ್ಬರು ಎತ್ತಬೇಕು, ಮೂವರು ಹಂಚಬೇಕು, ಏಕೆಂದರೆ ಯಾರಿಗೆ ಎಷ್ಟು ಎಂಬ ನಿರ್ಧಾರ ಹಣಕಾಸಿನ ವ್ಯಾಜ್ಯದ ತೀರ್ಪಿಗೆ ಸಮ. ಹಂಚಲು ಬಡವರು ಇಲ್ಲದಾಗ ಗಬ್ಬಾಯಿ ನಾಣ್ಯಗಳನ್ನು ಬೇರೆಯವರೊಂದಿಗೆ ವಿನಿಮಯ ಮಾಡಿಕೊಳ್ಳಬಹುದು, ತನ್ನ ಹಣದೊಂದಿಗೆ ಮಾತ್ರ ಕೂಡದು. ಬೀದಿಯಲ್ಲಿ ಅವನಿಗೆ ನಾಣ್ಯ ಸಿಕ್ಕಿದರೂ ನೇರವಾಗಿ ತನ್ನ ಜೇಬಿಗಿಳಿಸದೆ ದಾನದ ಚೀಲಕ್ಕೆ ಹಾಕಿ, ಮನೆಗೆ ಹೋದ ಮೇಲೆ ತೆಗೆದುಕೊಳ್ಳಬೇಕು. ನೋಡಿದವರಿಗೆ ಅನುಮಾನ ಬರಬಾರದಲ್ಲ! ನಂಬಿಗಸ್ತ ಗಬ್ಬಾಯಿಯಿಂದ ಲೆಕ್ಕ ಕೇಳುವಂತಿಲ್ಲ ಎಂಬುದು ಮೂಲ ನಿಯಮ. ಆದರೂ ಅವನಾಗಿಯೇ ಲೆಕ್ಕ ಒಪ್ಪಿಸುವುದು ಒಳ್ಳೆಯದೆಂದು 16ನೇ ಶತಮಾನದ ರಬ್ಬಿ ಮೋಶೆ ಇಸ್ಸರ್‌ಲಿಸ್ ಸೇರಿಸಿದ್ದಾರೆ, ಮತ್ತು ಉದ್ದೇಶ ಬದಲಿಸಿದ ವರ್ಷದಲ್ಲಂತೂ ಇದನ್ನು ಬಿಡಬಾರದು.

ತೊಡಕು ತಪ್ಪಿಸುವ ಸುಲಭ ಉಪಾಯ ಬಾವಾ ಬತ್ರಾದಲ್ಲೇ ಇದೆ. ಊರಿನ ಬಡವರಿಗೊಂದು, ಹೊರಗಿನವರಿಗೊಂದು ಎಂದು ಎರಡು ಚೀಲ ಇಡುವ ಬದಲು ಒಂದೇ ಚೀಲ ಇಟ್ಟು ಮೊದಲೇ ಷರತ್ತು ಮಾಡಿಕೊಳ್ಳಿ ಎಂದು ತಾಲ್ಮುಡ್ ಕಾಲದ ಪಂಡಿತ ಶ್ಮೂಎಲ್ ಸಲಹೆ ನೀಡಿದ್ದರು. ಹಣ ಎತ್ತುವ ಮನವಿಯಲ್ಲಿಯೇ, ಮಿಕ್ಕದ್ದನ್ನು ಸಮುದಾಯದ ಇತರ ದಾನಕಾರ್ಯಗಳಿಗೆ ಬಳಸಲಾಗುವುದೆಂಬ ಒಂದು ಸಾಲನ್ನು ಸೇರಿಸಿಬಿಡಿ.