ಆರ್ಕಿಯಾ ಮಾದರಿ ಮಾಡುವಾಗ ದಾರ ಎಲ್ಲಿ ಅಂಟಿಸಬೇಕು?

ಆರ್ಕಿಯಾ ಅಂದರೆ ನ್ಯೂಕ್ಲಿಯಸ್ ಇಲ್ಲದ ಏಕಕೋಶ ಸೂಕ್ಷ್ಮಜೀವಿಗಳು. ಬೆಳಗಾವಿ ಕಡೆಯ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಆರ್ಕಿಯಾ ಮಾದರಿ ಕಂಡರೆ ಖುಷಿಯಾಗುತ್ತದೆ. ಹತ್ತಿರ ಹೋದರೆ ಬೇಜಾರು. ಅದು ಬಣ್ಣ ಬದಲಿಸಿದ ಬ್ಯಾಕ್ಟೀರಿಯಾ ಆಗಿರುತ್ತದೆ, ಇಲ್ಲವೇ ನಡುವೆ ನ್ಯೂಕ್ಲಿಯಸ್ ಇಟ್ಟ ಪ್ರಾಣಿಕೋಶ. ಆರ್ಕಿಯಾ ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಗುಂಪು ಎಂದು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲೇ ತೋರಿಸಿದರು. ಮಾದರಿಯಲ್ಲೂ ಆ ವ್ಯತ್ಯಾಸ ಕಾಣಬೇಕಲ್ವಾ?

ಮೊದಲು ಜೀವಿಯ ಆಯ್ಕೆ. ಮೃತ ಸಮುದ್ರದಲ್ಲಿ ಸಿಕ್ಕ ಹಾಲೊಫೆರಾಕ್ಸ್ ವೋಲ್ಕಾನಿಯೈ ತಗೊಳ್ಳಿ. ಚೌಕಾಕಾರದ ಹಾಲೊಕ್ವಾಡ್ರಾಟಮ್ ನೋಡೋಕೆ ಚಂದ, ಆದರೆ ನನ್ನ ಓಟು ಹಾಲೊಫೆರಾಕ್ಸ್‌ಗೇ. ಪರಿಸ್ಥಿತಿಗೆ ತಕ್ಕಂತೆ ಅದು ಚಪ್ಪಟೆ ಬಿಲ್ಲೆಯೂ ಆಗುತ್ತದೆ, ಕೋಲೂ ಆಗುತ್ತದೆ. ಹಾಗಾಗಿ ಎರಡು ಮಾದರಿ ಮಾಡಿ, ಪಕ್ಕಪಕ್ಕ ಇಡಿ.

ಅಳತೆ ಒಂದು ಲಕ್ಷ ಪಟ್ಟು ಇರಲಿ. 2 ಮೈಕ್ರೋಮೀಟರ್ ಅಗಲದ ಬಿಲ್ಲೆ 20 ಸೆಂ.ಮೀ. ಆಗುತ್ತದೆ, ದಪ್ಪ 4 ಸೆಂ.ಮೀ. ಸಾಕು. ಕೋಲು ಅದಕ್ಕಿಂತ ಉದ್ದ, ಸಪೂರ.

ಇನ್ನು ಹೊರಕವಚ. ಶಾಡು ಮಣ್ಣಿನಲ್ಲಿ ಅಚ್ಚು ಮಾಡಿ. ಎರೆಮಣ್ಣು ಬೇಡ, ಒಣಗಿದರೆ ಬಿರುಕು ಬಿಡುತ್ತದೆ. ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಹಳೇ ಪೇಪರನ್ನು ಮೈದಾ ಅಂಟಿನಲ್ಲಿ ಪದರ ಪದರವಾಗಿ ಮೆತ್ತಿ. ಜೀವಕೋಶದ ಪೊರೆ ಸುಮಾರು 5 ನ್ಯಾನೋಮೀಟರ್. ನಮ್ಮ ಅಳತೆಯಲ್ಲಿ ಅದು ಅರ್ಧ ಮಿ.ಮೀ. ಪೊರೆಯ ಹೊರಗೆ ಎಸ್-ಲೇಯರ್ ಎಂಬ ಪ್ರೋಟೀನಿನ ಹೊದಿಕೆ ಇದೆ. ಅದಕ್ಕೆ ರಾಜಗಿರಿ ಕಾಳನ್ನು ಒತ್ತೊತ್ತಾಗಿ ಅಂಟಿಸಿ. ಥರ್ಮೋಕೋಲ್ ಮುಟ್ಟಲೇಬೇಡಿ. ಸ್ಪ್ರೇ ಬಣ್ಣ ಹೊಡೆದರೆ ಕರಗಿ ಹೋಗುತ್ತದೆ, ಇಷ್ಟು ತೆಳುವಾಗಿ ಕೊರೆಯೋಕೂ ಬರುವುದಿಲ್ಲ. ಒಣಗಿದ ಕವಚವನ್ನು ಮೇಲ್ಗಡೆ ತೆರೆದೇ ಇಡಿ, ಒಳಗೆ ಕಾಣಬೇಕು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕೋಶಕ್ಕೆ ಆಕಾರ ಕೊಡುವ ಪ್ರೋಟೀನ್ ತಂತುಗಳನ್ನು ದಾರದಲ್ಲಿ ತೋರಿಸಬೇಕು. ಈ ತಂತುಗಳ ಒಂದು ಎಳೆ ಸುಮಾರು 4 ನ್ಯಾನೋಮೀಟರ್, ಅಂದರೆ ನಮಗೆ 0.4 ಮಿ.ಮೀ. ಉಣ್ಣೆ ದಾರ ತೀರಾ ದಪ್ಪವಾಯಿತು. ಖಡೇಬಜಾರದ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಗಟ್ಟಿ ಹೊಲಿಗೆ ದಾರ ಕೇಳಿ, ನಾಲ್ಕು ಬಣ್ಣ ತನ್ನಿ. ನಡುವಿನ ಒಂದು ಚುಕ್ಕಿಯಿಂದ ಎಲ್ಲಾ ಕಡೆ ದಾರ ಎಳೆದು ಜೇಡರ ಬಲೆ ಮಾಡಬೇಡಿ. ಅದು ಪ್ರಾಣಿಕೋಶದ ಚಿತ್ರದಿಂದ ಬಂದ ಚಾಳಿ. ಇಲ್ಲಿ ಅಂಥ ಕೇಂದ್ರವೇ ಇಲ್ಲ.

ಕೆಂಪು ಮತ್ತು ನೀಲಿ ದಾರ ಎರಡು ತಂತು ಪ್ರೋಟೀನುಗಳಾದ ಎಫ್‌ಟಿಎಸ್‌ಝಡ್1 ಹಾಗೂ ಎಫ್‌ಟಿಎಸ್‌ಝಡ್2ಗೆ. ಇವು ಕೋಶ ಒಡೆದು ಎರಡಾಗುವ ಜಾಗದಲ್ಲಿ, ನಟ್ಟನಡುವೆ, ಪೊರೆಯ ಒಳಮೈಗೆ ಉಂಗುರದಂತೆ ಕೂರುತ್ತವೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಅಂಟಿಸಿ. ಒಂದನ್ನು ಆ ತುದಿಗೆ, ಇನ್ನೊಂದನ್ನು ಈ ತುದಿಗೆ ಹಾಕಿದರೆ ತಪ್ಪು. ಮೊದಲನೆಯದು ಜಾಗ ಸಜ್ಜುಮಾಡುತ್ತದೆ, ಎರಡನೆಯದು ಉಂಗುರ ಬಿಗಿಯಾಗೋಕೆ ಬೇಕು.

ಹಳದಿ ದಾರ ಸೆಟ್‌ಝಡ್1ಗೆ. ಇದನ್ನು ತೆಗೆದುಹಾಕಿದ ಕೋಶ ಕೋಲಿನ ಆಕಾರಕ್ಕೆ ಬರಲಾರದು, ಈಜೋಕೂ ತೊಡಕು ಎಂದು 2015ರಲ್ಲಿ ಗೊತ್ತಾಯಿತು. ಆದ್ದರಿಂದ ಹಳದಿ ಕೋಲಿನ ಮಾದರಿಗೆ ಹೋಗಲಿ. ಉದ್ದಕ್ಕೆ ಒಂದೇ ಎಳೆ ಎಳೆಯಬೇಡಿ. ಚಿಕ್ಕ ಚಿಕ್ಕ ತುಂಡು ಮಾಡಿ ಒಳಮೈಗೆ ಅಲ್ಲಲ್ಲಿ ಅಂಟಿಸಿ.

ಕಪ್ಪು ದಾರ ವೊಲಾಕ್ಟಿನ್‌ಗೆ. ಇದರ ಕೆಲಸ ಬಿಲ್ಲೆ ಆಕಾರದಲ್ಲಿ, 2024ರಲ್ಲಿ ವರದಿಯಾದದ್ದು. ಈ ತಂತು ಬೆಳೆಯುತ್ತಾ, ಬಿಡಿಯಾಗುತ್ತಾ ಇರುತ್ತದೆ. ಅದಕ್ಕೇ ಬಿಲ್ಲೆಯೊಳಗೆ ದಾರದ ಒಂದು ತುದಿ ಮಾತ್ರ ಅಂಟಿಸಿ, ಇನ್ನೊಂದನ್ನು ಹಾಗೇ ಬಿಡಿ. ಸಮಯ ಉಳಿಸೋಕೆ ಎರಡೂ ಮಾದರಿಯಲ್ಲಿ ಒಂದೇ ಥರ ದಾರ ಹಾಕಿದರೆ ಇಷ್ಟು ಹೊತ್ತಿನ ಕೆಲಸ ದಂಡ.

ರೈಬೋಸೋಮಿಗೆ ಸಾಸಿವೆ, ಡಿಎನ್‌ಎಗೆ ನಯವಾದ ಬಿಳಿ ದಾರ. ಅಷ್ಟೇ, ನ್ಯೂಕ್ಲಿಯಸ್ ಇಲ್ಲ.

ಹೆಸರಿನ ಚೀಟಿಯಲ್ಲಿ ಪ್ರತಿ ಪ್ರೋಟೀನಿನ ಪಕ್ಕ ಅದೇ ಬಣ್ಣದ ದಾರದ ತುಂಡು ಅಂಟಿಸಿ. ಎಫ್‌ಟಿಎಸ್‌ಝಡ್, ಸೆಟ್‌ಝಡ್ ನಮ್ಮ ಕೋಶದ ತಂತು ಪ್ರೋಟೀನಾದ ಟ್ಯುಬ್ಯುಲಿನ್ ಬಳಗದವು, ವೊಲಾಕ್ಟಿನ್ ಇನ್ನೊಂದು ತಂತು ಪ್ರೋಟೀನಾದ ಆಕ್ಟಿನ್ ಬಳಗದ್ದು ಎಂದೂ ಬರೆಯಿರಿ. ಬ್ಯಾಕ್ಟೀರಿಯಾದ ಪೆಪ್ಟಿಡೋಗ್ಲೈಕಾನ್ ಗೋಡೆ ಎಲ್ಲಿ ಎಂದು ಪರೀಕ್ಷಕರು ಕೇಳಿದರೆ ರಾಜಗಿರಿ ಪದರ ತೋರಿಸಿ. ಈ ಜೀವಿಗೆ ಆ ಗೋಡೆ ಇಲ್ಲ, ಹೊರಗೆ ಇರುವುದು ಇದೊಂದೇ ಎಂದು ಹೇಳಿ.