ಬಳೆಯಗಲದ ಎಲೆಯಲ್ಲಿ ಚಿಲಿಕಾ

ಮೈಸೂರಿನ ಕುವೆಂಪುನಗರದ ನಮ್ಮ ಮನೆ ಜಗಲಿಯಲ್ಲಿ ಬೇಸಿಗೆ ರಜೆಗೆ ಮಕ್ಕಳಿಗೆ ಗಂಜೀಫಾ ಎಲೆ, ಅಂದರೆ ಇಸ್ಪೀಟಿನಂಥ ಹಳೇ ಆಟದ ದುಂಡು ಚಿತ್ರದೆಲೆ, ಬರೆಯುವುದನ್ನು ಹೇಳಿಕೊಡುತ್ತೇನೆ. ಈ ವರ್ಷ ದಶಾವತಾರ ಬಿಟ್ಟು ಒಡಿಶಾದ ಚಿಲಿಕಾ ಸರೋವರದ ಕಷ್ಟವನ್ನು ಬರೆದೆವು. ಅಲ್ಲೂ ನಮ್ಮಂಥವೇ ದುಂಡು ಎಲೆಗಳಿವೆ, ಗಂಜಪ ಅಂತಾರೆ. ನೀವೂ ಮಾಡಬಹುದು.

ಹಳೇ ಮದುವೆ ಕಾಗದಗಳನ್ನು ಎರಡೆರಡಾಗಿ ಮೈದಾ ಅಂಟು ಹಚ್ಚಿ ಸೇರಿಸಿ. ರಾತ್ರಿಯಿಡೀ ಭಾರ ಹೇರಿಡಿ, ಇಲ್ಲದಿದ್ದರೆ ಒಣಗುವಾಗ ಸೊಟ್ಟಗಾಗುತ್ತವೆ. ಬಳೆ ಇಟ್ಟು ಗೆರೆ ಎಳೆದು ಕತ್ತರಿಸಿ. ಬಿಳಿ ಪೋಸ್ಟರ್ ಕಲರ್ ಎರಡು ಸಲ ಬಳಿಯಿರಿ.

ಯೋಚನೆ ಬೇಕಾಗುವುದು ಏನು ಬರೆಯಬೇಕು ಅನ್ನುವುದಕ್ಕೆ. ಮೊದಲ ದಿನ ಎಲ್ಲರೂ ಅಲ್ಲಿನ ಇರಾವಡಿ ಡಾಲ್ಫಿನ್ ಬರೆದರು. ಮುದ್ದಾಗಿತ್ತು. ಆದರೆ ನೋಡಿದವರು ಸರೋವರಕ್ಕೆ ಏನಾಗಿದೆ ಅಂತ ಕೇಳಲೇ ಇಲ್ಲ. ಹಾಗಾಗಿ ಜೋಡಿ ಎಲೆ ಮಾಡಿದೆವು. ಒಂದರಲ್ಲಿ ಕಾರಣ, ಇನ್ನೊಂದರಲ್ಲಿ ಅದರಿಂದ ಆದದ್ದು. ಮಹಾನದಿಯ ಕವಲುಗಳು ತರುವ ಹೂಳು, ಕಡಲು ತಂದು ಸುರಿಯುವ ಮರಳು: ಇವುಗಳ ಜೋಡಿ, ಕಟ್ಟಿಕೊಂಡ ಅಳಿವೆ, ಅಂದರೆ ಸರೋವರ ಕಡಲಿಗೆ ತೆರೆದುಕೊಳ್ಳುವ ಬಾಯಿ. ಅಳಿವೆ ಕಟ್ಟಿಕೊಂಡರೆ ಉಪ್ಪುನೀರು ಒಳಗೆ ಬರುವುದಿಲ್ಲ. ನೀರು ಸಪ್ಪೆಯಾಗಿ ಕಳೆ ಹಬ್ಬುತ್ತದೆ, ಮೀನು ಕಡಿಮೆಯಾಗುತ್ತದೆ. ಅದು ಇನ್ನೊಂದು ಜೋಡಿ. ಸೀಗಡಿ ಸಾಕಲು ಅಕ್ರಮವಾಗಿ ಹಾಕಿದ ಬಲೆಯ ಬೇಲಿಗೆ, ಜಾಗ ಕಳೆದುಕೊಂಡ ಬೆಸ್ತರ ದೋಣಿ. ಮೋಟಾರು ದೋಣಿಗೆ, ಅದರ ಪ್ರೊಪೆಲ್ಲರ್ ತಗುಲಿ ಗಾಯಗೊಂಡ ಡಾಲ್ಫಿನ್.

ಬಣ್ಣ ಜಾಸ್ತಿ ಬೇಡ. ಉಪ್ಪುನೀರಿಗೆ ನೀಲಿ, ಸಪ್ಪೆ ನೀರಿಗೆ ಹಸಿರು, ಎಲ್ಲ ಎಲೆಗಳಲ್ಲೂ ಅದೇ. ನೀಲಿ ಹೋಗಿ ಹಸಿರು ಬಂದದ್ದು ಓದು ಬಾರದ ಮಗುವಿಗೂ ಕಾಣಬೇಕು. ಹೂಳಿಗೆ ನಾವು ಅಂಗಳದ ಕೆಮ್ಮಣ್ಣನ್ನೇ ಗೋಂದಿನಲ್ಲಿ ಕಲಸಿ ಬಳಿದೆವು. ಮುಟ್ಟಿದರೆ ಕೈಗೆ ತರಿತರಿ ಸಿಗುತ್ತದೆ.

ಇಲ್ಲಿನವರಿಗೆ ಚಿಲಿಕಾ ದೂರ, ಅಲ್ವಾ? ಅದಕ್ಕೆ ಪಟ್ಟೆತಲೆ ಹೆಬ್ಬಾತಿನ ಎಲೆ ಇರಲಿ. ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಬರುವ ಹಕ್ಕಿ ಅಲ್ಲಿಗೂ ಹೋಗುತ್ತದೆ. ಆಟದಲ್ಲಿ ಮೊದಲು ಇಳಿಸುವುದು ಈ ಎಲೆಯನ್ನೇ.

ಒಂದು ಎಲೆಯನ್ನು ಮಾತ್ರ ಬಿಡಲೇಬೇಡಿ. 1993ರಲ್ಲಿ ಚಿಲಿಕಾ, ಕೆರೆ-ಜೌಗುಗಳನ್ನು ಕಾಪಾಡುವ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ಅಪಾಯದ ಪಟ್ಟಿಗೆ ಸೇರಿತ್ತು. 2000ದ ಸೆಪ್ಟೆಂಬರಿನಲ್ಲಿ ಹೊಸ ಅಳಿವೆ ತೆಗೆದರು. ಮೀನು ಮತ್ತೆ ಹೆಚ್ಚಿತು, 2002ರಲ್ಲಿ ಪಟ್ಟಿಯಿಂದ ಹೊರಬಂತು. ಕೆಟ್ಟ ಸುದ್ದಿಯನ್ನಷ್ಟೇ ಬರೆದರೆ ಮಕ್ಕಳು ಸುಮ್ನೆ ಎಲೆ ಕೆಳಗಿಟ್ಟು ಎದ್ದು ಹೋಗುತ್ತಾರೆ. ಹೊಸ ಅಳಿವೆಯ ಎಲೆ ಕೈಯಲ್ಲಿದ್ದವರು ಯಾವ ಹಸಿರು ಎಲೆಯನ್ನಾದರೂ ಗೆಲ್ಲಬಹುದು. ಬೇಲಿ, ಮೋಟಾರು ದೋಣಿಯ ಎಲೆಗಳನ್ನು ಅದು ಗೆಲ್ಲುವುದಿಲ್ಲ.