ತಿಳಿಯದೆ ಮಾಡಿದ ಪಾಪ: ಗೊತ್ತಾದ ಮೇಲೆ ನಾನು ಮಾಡಿಸುವ ಕೆಲಸ

ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಭಾನುವಾರ ಹತ್ತಿರ ಬಂದಾಗ ಸಿಂಧನೂರು ಕಡೆಯ ನಮ್ಮ ಸಭೆಯವರು ಕೇಳುವ ಪ್ರಶ್ನೆ ಇದು: "ಗೊತ್ತಿಲ್ದಂಗ ಮಾಡಿದ್ದೂ ಪಾಪ ಆಗತೈತೇನ್ರೀ, ಅಯ್ಯನೋರೆ?" ಆಗುತ್ತದೆ. ಬೈಬಲಿನ ಯಾಜಕಕಾಂಡ 5:17ರಲ್ಲಿ ಅದಕ್ಕೆ ಸಂದೇಹವೇ ಇಲ್ಲ. ಆದರೆ ಅದೇ ಪುಸ್ತಕದ 4ನೇ ಅಧ್ಯಾಯ ಓದಿದರೆ, ಯಜ್ಞ ತರಬೇಕಾದದ್ದು ತಪ್ಪು ತಿಳಿದುಬಂದಾಗ. ತಪ್ಪಿದವನು ಯಾಜಕನಾದರೆ ಹೋರಿ, ಅಧಿಪತಿಯಾದರೆ ಹೋತ, ಸಾಮಾನ್ಯನಾದರೆ ಹೆಣ್ಣಾಡು ಇಲ್ಲವೇ ಹೆಣ್ಣುಕುರಿ. ಕುರಿಗೂ ಗತಿಯಿಲ್ಲದವನಿಗೆ 5ನೇ ಅಧ್ಯಾಯದಲ್ಲಿ ಎರಡು ಬೆಳವಕ್ಕಿ. ಅದೂ ಆಗದಿದ್ದರೆ ಏಫಾ ಎಂಬ ಹಳೆಯ ಧಾನ್ಯದ ಅಳತೆಯ ಹತ್ತನೇ ಒಂದು ಪಾಲು ಗೋದಿಹಿಟ್ಟು. ಕ್ರಿಸ್ತನು ಒಂದೇ ಸಾರಿ ಅರ್ಪಿತನಾದ ಮೇಲೆ ಹೋತ, ಕುರಿಯ ಲೆಕ್ಕ ಮುಗಿಯಿತು (ಇಬ್ರಿಯ 10:10). ನೆರೆಯವನ ಲೆಕ್ಕ ಮಾತ್ರ ಮುಗಿದಿಲ್ಲ.

ಶನಿವಾರ ಸಂಜೆ ಹದಿನೈದು ನಿಮಿಷ ಸಾಕು. ಕೀರ್ತನೆ 19ರ 12, 13ನೇ ವಚನ ಓದಿಸಿ, ಹಾಳೆಯ ನಡುವೆ ಒಂದು ಗೆರೆ ಎಳೆಸುತ್ತೇನೆ. 12ನೇ ವಚನ ಮರೆಯಾದ ತಪ್ಪುಗಳದ್ದು, ಅದು ಎಡಕ್ಕೆ. 13 ಬೇಕೆಂದೇ ಮಾಡಿದ್ದು, ಬಲಕ್ಕೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರು ರಾತ್ರಿ ತೂಬು ತೆರೆದಿಟ್ಟು ಮಲಗುತ್ತಾರೆ, ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಮೊದಲ ಸಲ ಅದು ಎಡಕ್ಕೇ ಇರಲಿ. ಕೆಳಗಿನ ರೈತ ಒಮ್ಮೆ ಬಾಗಿಲಿಗೆ ಬಂದು ಹೇಳಿ ಹೋದ ಮೇಲೆ ಅದನ್ನು ಬಲಕ್ಕೇ ಬರೆಯಬೇಕು.

ಹದಿನೈದು ನಿಮಿಷದಲ್ಲಿ ಏನೂ ಹೊಳೆಯದಿದ್ದರೆ ನಿಲ್ಲಿಸಿಬಿಡಿ. ಕೆದಕಿ ಕೆದಕಿ ಹುಡುಕುವವರಿಗೆ ಕ್ಷಮೆ ಸಿಗುವುದಿಲ್ಲ, ನಿದ್ದೆಗೇಡು ಸಿಗುತ್ತದೆ. "ಕೂಸಿಗೆ ಜ್ವರ ಬಂದೈತಿ, ಯಾವ ಪಾಪ ಇದ್ದೀತು?" ಎಂದು ಹಾಳೆ ತುಂಬಿಸುವವರಿಗೆ ಯೋಹಾನ 9:3 ಓದಿಸಿ ಪೆನ್ನು ಕಸಿದುಕೊಳ್ಳುತ್ತೇನೆ. ಹುಟ್ಟುಕುರುಡನ ವಿಷಯದಲ್ಲಿ ಯೇಸು ಅಲ್ಲಿ ಹೇಳಿದ್ದು, ಅದಕ್ಕೆ ಅವನ ಪಾಪವೂ ತಂದೆತಾಯಿಯ ಪಾಪವೂ ಕಾರಣವಲ್ಲ ಎಂದು. ನೆನಪಿಗೆ ಬಾರದವುಗಳಿಗೆ ಒಂದೇ ಸಾಲಿನ ಪ್ರಾರ್ಥನೆ: "ಕರ್ತನೇ, ನನಗೆ ಕಾಣದೆ ಹೋದದ್ದು ನಿನಗೆ ಕಂಡಿದೆ, ಅದನ್ನೂ ತೊಳೆ."

ಕಷ್ಟದ ಕೆಲಸ ಹಣ, ಕಾಳಿನದು. ತಕ್ಕಡಿ ಚೀಲಕ್ಕೆ ಅರ್ಧ ಕೆಜಿ ಕಡಿಮೆ ತೋರಿಸುತ್ತಿತ್ತೆಂದು ಭತ್ತ ಕೊಂಡವನಿಗೆ ತಡವಾಗಿ ಗೊತ್ತಾಯಿತು ಅನ್ನಿ. ನಮ್ಮಲ್ಲಿ ಚೀಲವೆಂದರೆ 75 ಕೆಜಿ. 40 ಚೀಲಕ್ಕೆ ರೈತನ 20 ಕೆಜಿ ಇವನ ಕಡೆ ಉಳಿಯಿತು. ಯಾಜಕಕಾಂಡದಲ್ಲಿ ದೇವರ ವಸ್ತುವಿನ ವಿಷಯ ತಿಳಿಯದೆ ತಪ್ಪಿದವನೂ (5:16) ನೆರೆಯವನಿಗೆ ಮೋಸ ಮಾಡಿದವನೂ (6:5) ನಷ್ಟದ ಮೇಲೆ ಐದನೇ ಒಂದು ಪಾಲು ಕೂಡಿಸಿ ಕೊಡಬೇಕು. ಸಭೆಗೆ ಅದು ಕಾನೂನಲ್ಲ. ಆದರೂ ಅಳತೆ ಬೇಕಲ್ಲ, ನಾನು ಅದನ್ನೇ ಹಿಡಿಯುತ್ತೇನೆ. 20ಕ್ಕೆ 4 ಸೇರಿ 24 ಕೆಜಿ, ಇಲ್ಲವೇ ಅಂದಿನ ದರದಲ್ಲಿ ಅದರ ಹಣ. ರೈತ ತೀರಿಕೊಂಡಿದ್ದರೆ ಮಕ್ಕಳಿಗೆ. ಹತ್ತಿರದವರು ಯಾರೂ ಇಲ್ಲದಿದ್ದರೆ ಯಾಜಕನಿಗೆ ಎನ್ನುತ್ತದೆ ಅರಣ್ಯಕಾಂಡ 5:8. ನಾನು ಅದನ್ನು ಸಭೆಯ ಬಡವರ ನಿಧಿಗೆ ಹಾಕಿಸುತ್ತೇನೆ.

ಹೆಚ್ಚಿನವರು ಎಡವುವುದು ಮಾತಿನಲ್ಲಿ. "ಏನರ ತಪ್ಪಾಗಿದ್ರ ಮನಸಿಗೆ ಹಚ್ಕೋಬ್ಯಾಡ್ರಿ" ಅಂದರೆ ಎದುರಿನವನಿಗೆ ಏನೂ ತಿಳಿಯುವುದಿಲ್ಲ. "ಅಣ್ಣಾ, ನಮ್ಮ ತಕ್ಕಡಿ ತಪ್ಪು ತೋರ್ಸಿತ್ರಿ. ನಿಮ್ದು ಇಪ್ಪತ್ತು ಕೆಜಿ ನಮ್ಮ ಕಡೆ ಉಳ್ದೈತಿ, ತಗೋರಿ." ಇಷ್ಟು ಹೇಳಿ ಬಾಯಿ ಮುಚ್ಚಬೇಕು. ಆತ ಬೈದರೆ ಬೈಸಿಕೊಳ್ಳಬೇಕು.

ಮೊದಲು ಸಹೋದರನ ಸಂಗಡ ಒಂದಾಗು, ಆಮೇಲೆ ಕಾಣಿಕೆ ಕೊಡು ಎನ್ನುವ ಮತ್ತಾಯ 5:24ರಂತೆ ಇದು ರೊಟ್ಟಿ ಮುಟ್ಟುವ ಮುಂಚೆ ಆಗಬೇಕು. ಆತ ಊರಲ್ಲಿಲ್ಲದಿದ್ದರೆ ಫೋನಿನಲ್ಲಾದರೂ ತಿಳಿಸಿ ದಿನ ಗೊತ್ತುಮಾಡಲಿ. ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಸರಕಾರಿ ಮುದ್ರೆ ಹಾಕಿಸದೆ ಬಿಟ್ಟವನು ಮುಂದಿನ ಸುಗ್ಗಿಯಲ್ಲಿ ಇದೇ ಸಾಲನ್ನು ಎಡಕ್ಕೆ ಬರೆದುಕೊಂಡು ಬಂದರೆ, ಗೀಟು ಹಾಕಿಸಿ ಬಲಕ್ಕೆ ಬರೆಸುತ್ತೇನೆ.